ಹೆಂಗಸರ ಕಾಯ್ದೆ ಬರುವ ಮೊದಲು

ನನ್ನ ತಂಗಿಯ ಮೊಮ್ಮಗಳು ಮೊನ್ನೆ ನರ್ಸ್ ಕೆಲಸಕ್ಕೆ ಸೇರಿದಳು, ಅದೂ ಕಾರ್ಮಿಕರ ವಿಮೆಯ ಆಸ್ಪತ್ರೆಗೇ. ಸಹಕಾರನಗರದ ನಮ್ಮ ಮನೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿ, "ದೊಡ್ಡಜ್ಜಿ, ನಿಮ್ ಕಾಲದಲ್ಲಿ ಹೆಂಗಿತ್ತು ಹೇಳಿ" ಅಂತ ಎದುರಿಗೆ ಕೂತಳು. ನಾನು ಹೇಳುತ್ತಾ ಹೇಳುತ್ತಾ ಕಿಟಕಿಯಾಚೆ ನೋಡಿದೆನಂತೆ, ಮಾತು ನಿಂತಿತಂತೆ, ಅವಳು ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದದ್ದೂ ನನಗೆ ಗೊತ್ತಾಗಲಿಲ್ಲವಂತೆ. ಅಜ್ಜಿಗೆ ವಯಸ್ಸಾಯಿತು ಅಂದುಕೊಂಡಿದ್ದಾಳೆ ಪಾಪ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಹರೆಯದಲ್ಲೂ ನಾನು ಹೀಗೇ ಇದ್ದೆ. ಟ್ರೈನಿಂಗಿನಲ್ಲಿ ನಮ್ಮ ಮೇಟ್ರನ್ ಅಮ್ಮ, "ಈ ಹುಡುಗಿ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾಳೆ" ಅಂತ ಎಲ್ಲರೆದುರು ಬೈಯುತ್ತಿದ್ದರು. ಬಾಯಲ್ಲಿ ಹೇಳಿದರೆ ಇದು ಮುಗಿಯುವುದಿಲ್ಲವೆಂದು ಈಗ ಬರೆಯಲು ಕೂತಿದ್ದೇನೆ. ಯಾವಾಗ ಸೀನಿಯರ್ ಆದೆ, ಯಾರು ನನ್ನನ್ನು ಹೊಗಳಿದರು, ಅವೆಲ್ಲ ಪೆನ್ಷನ್ ಕಾಗದದ ಜೊತೆ ಪೆಟ್ಟಿಗೆಯಲ್ಲಿವೆ, ಅಲ್ಲೇ ಇರಲಿ.

ನನ್ನ ಮೊದಲ ಪೋಸ್ಟಿಂಗ್ ಯಶವಂತಪುರದ ಡಿಸ್ಪೆನ್ಸರಿಗೆ. ದೊಡ್ಡ ಕಟ್ಟಡ ಅಂದುಕೊಳ್ಳಬೇಡ ಮಗಳೇ. ರೈಲು ಹಳಿಯ ಪಕ್ಕದಲ್ಲಿ ಬಾಡಿಗೆಗೆ ಹಿಡಿದ ಹೆಂಚಿನ ಮನೆ. ಮುಂಚೆ ಯಾರೋ ಸಂಸಾರ ಮಾಡಿದ್ದ ಮನೆ. ಡಾಕ್ಟರು ಕೂರುತ್ತಿದ್ದ ಕೋಣೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಹಾಗೇ ಇತ್ತು. ನಾನು ಇಂಜೆಕ್ಷನ್ ಕೊಡುತ್ತಿದ್ದದ್ದು ಅಡುಗೆಮನೆಯಲ್ಲಿ. ಎಷ್ಟು ಸಲ ಸುಣ್ಣ ಹೊಡೆದರೂ ಒಲೆಯ ಮೇಲಿನ ಮಸಿ ಮತ್ತೆ ಎದ್ದು ಬರುತ್ತಿತ್ತು. ಬೆಳಿಗ್ಗೆ ರೈಲು ಬಂದು ನಿಂತಾಗ ಅದರ ಆವಿ ಬೇಲಿ ದಾಟಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ಚಳಿಗಾಲದಲ್ಲಿ ಮಂಜೂ ಆವಿಯೂ ಬೆರೆತು, ಸಾಲಿನಲ್ಲಿ ನಿಂತವರ ಕಾಲು ಮಾತ್ರ ಕಾಣಿಸಿ, ಮೈ ಆಮೇಲೆ ನಿಧಾನವಾಗಿ ಮೂಡುತ್ತಿತ್ತು. ನಾನು ಆ ಹೊತ್ತಿಗಾಗಿ ಕಾಯುತ್ತಿದ್ದೆ. ಕೈಯಲ್ಲಿ ಸೂಜಿ ಹಿಡಿದು ಹಾಗೆ ನಿಂತುಬಿಟ್ಟಾಗ ನಮ್ಮ ಡಾಕ್ಟರು ಒಳಗಿಂದ, "ಏನಮ್ಮ, ರೈಲು ಹತ್ತಿ ಹೋದೆಯಾ ಇಲ್ಲೇ ಇದೀಯಾ?" ಅಂತ ಕೂಗುತ್ತಿದ್ದರು.

ಈಗಿನಂತೆ ಒಂದು ಸಲ ಚುಚ್ಚಿ ಎಸೆಯುವ ಸೂಜಿ ಆಗ ಇರಲಿಲ್ಲ. ಗಾಜಿನ ಸಿರಿಂಜು. ಬೆಳಿಗ್ಗೆ ಬಂದ ತಕ್ಷಣ ಸೀಮೆಎಣ್ಣೆ ಸ್ಟೌ ಹಚ್ಚಿ, ಸೂಜಿಗಳನ್ನೂ ಸಿರಿಂಜುಗಳನ್ನೂ ನೀರಲ್ಲಿ ಕುದಿಸಬೇಕು. ಮೊಂಡಾದ ಸೂಜಿಯನ್ನು ಸಣ್ಣ ಕಲ್ಲಿನ ಮೇಲೆ ಮಸೆಯಬೇಕು. ಔಷಧಿಗೆ ಬರುವವರು ತಮ್ಮ ಬಾಟಲಿ ತಾವೇ ತರಬೇಕು. ಕಾಂಪೌಂಡರು ಅದಕ್ಕೆ ಕೆಂಪಿನದೋ ಬಿಳಿಯದೋ ಮಿಕ್ಸ್ಚರ್ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ತೋರಿಸಲು ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಎಣ್ಣೆ ಬಾಟಲಿ, ಸಾರಾಯಿ ಬಾಟಲಿ, ಒಮ್ಮೆ ಒಬ್ಬ ಮಸಿಕುಡಿಕೆಯನ್ನೇ ತಂದಿದ್ದ. ಕಾಂಪೌಂಡರು ಅವನನ್ನು ವಾಪಸ್ ಕಳಿಸಿ ದಿನವಿಡೀ ನಗುತ್ತಿದ್ದರು.

ವಿಮೆಯ ಕಾನೂನು ಆಗ ಹೊಸದು. ಕಾರ್ಖಾನೆಯಲ್ಲಿ ದುಡಿಯುವವನ ಸಂಬಳದಲ್ಲಿ ಸ್ವಲ್ಪ ಹಿಡಿಯುತ್ತಾರೆ, ಮಾಲೀಕರೂ ಸೇರಿಸುತ್ತಾರೆ, ಕಾಯಿಲೆ ಬಿದ್ದರೆ ಡಾಕ್ಟರೂ ಔಷಧಿಯೂ ಸಿಗುತ್ತದೆ. ಇಷ್ಟೇ ವಿಷಯ. ಆದರೆ ನಮ್ಮ ಜನಕ್ಕೆ ಇದು ಒಗಟಾಗಿತ್ತು. ಕಾಯಿಲೆ ಬೀಳುವ ಮುಂಚೆಯೇ ಕಾಯಿಲೆಗೆ ದುಡ್ಡು ಹಿಡಿಯುವುದೆಂದರೆ ಅಪಶಕುನ ಅಂತ ಕೆಲವರು. ಹಿಡಿದದ್ದನ್ನು ಬಿಟ್ಟುಕೊಡುವುದು ಮೂರ್ಖತನ ಅಂತ ಇನ್ನು ಕೆಲವರು. ಈ ಎರಡನೆಯ ಪಂಗಡದ್ದೇ ಕಾಟ. ಗುಂಡುಕಲ್ಲಿನಂತಿದ್ದ ಒಬ್ಬ ಫಿಟ್ಟರ್ ಶನಿವಾರಕ್ಕೊಮ್ಮೆ ಬಂದು, "ಮೈಗೇನಿಲ್ಲ ಸ್ವಾಮಿ, ಈ ವಾರದ್ದು ಒಂದ್ ಲೋಟ ಕೊಡಿ, ಕುಡ್ದು ಓಯ್ತೀನಿ" ಅನ್ನುತ್ತಿದ್ದ. ಅವನಿಗೆ ವಿಮೆಯೆಂದರೇನೆಂದು ತಿಳಿಸಲು ಡಾಕ್ಟರು ಎಷ್ಟೋ ಪ್ರಯತ್ನಪಟ್ಟು, ಕೊನೆಗೆ ಸೋತು, ಓಮದ ನೀರು ಕುಡಿಸಿ ಕಳಿಸುತ್ತಿದ್ದರು.

ಆ ಡಾಕ್ಟರು ಶೇಷಗಿರಿರಾಯರು. ದಪ್ಪ ಕನ್ನಡಕ, ನಶ್ಯದ ವಾಸನೆ, ದೊಡ್ಡ ದನಿ. ನನ್ನ ಕೆಲಸದ ಅರ್ಧ ಪಾಠ ಅವರಿಂದಲೇ ಕಲಿತೆ. ಆ ಪಾಠ ಯಾವ ಟ್ರೈನಿಂಗಿನಲ್ಲೂ ಇರಲಿಲ್ಲ.

ವಿಷಯ ಏನೆಂದರೆ, ಆಗಿನ ಕಾನೂನು ದುಡಿಯುವವನಿಗೆ ಮಾತ್ರ. ಅವನ ಹೆಂಡತಿ ಮಕ್ಕಳಿಗೆ ಇರಲಿಲ್ಲ. ಗಂಡನಿಗೆ ನೆಗಡಿಯಾದರೆ ಸರ್ಕಾರ ಓಡಿ ಬರುತ್ತಿತ್ತು, ಹೆಂಡತಿ ರಕ್ತ ಕಾರಿದರೂ ಅದಕ್ಕೆ ಕೇಳಿಸುತ್ತಿರಲಿಲ್ಲ. ಮನೆಯವರಿಗೂ ವಿಸ್ತರಿಸುವ ಕಾನೂನು ದೆಹಲಿಯಲ್ಲಿ ತಯಾರಾಗುತ್ತಿದೆ ಎಂದು ಸುದ್ದಿ ಮಾತ್ರ ಇತ್ತು. ಯುಗಾದಿ ಕಳೆದ ಮೇಲೆ, ದೀಪಾವಳಿ ಕಳೆದ ಮೇಲೆ, ಎಲೆಕ್ಷನ್ ಕಳೆದ ಮೇಲೆ ಅಂತ ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಅದಕ್ಕೆ ಜನ ಇಟ್ಟ ಹೆಸರು ಹೆಂಗಸರ ಕಾಯ್ದೆ. ದೆಹಲಿಯದೆಲ್ಲ ಯಶವಂತಪುರದ ಮೇಲೆಯೇ ರೈಲಿನಲ್ಲಿ ಬರುವುದಲ್ಲವೇ? ಕಾಯ್ದೆಯೂ ಹಾಗೇ ಬಂದು ಇಳಿಯುತ್ತದೆಂದು ಕೆಲವರು ನಂಬಿದ್ದರು. ಹೇಳಿದರೆ ನಗಬೇಡ, ನಾನೂ ಕೆಲವು ಮಧ್ಯಾಹ್ನ ಟ್ರಂಕು ಹಿಡಿದ ಒಬ್ಬ ಹೆಂಗಸು ಪ್ಲಾಟ್‌ಫಾರಂನಿಂದ ಇಳಿದು, ಬೇಲಿ ದಾಟಿ, ನಮ್ಮ ಡಿಸ್ಪೆನ್ಸರಿ ಎಲ್ಲಿ ಅಂತ ಕೇಳಿಕೊಂಡು ಬರುವುದನ್ನು ಕಣ್ಣಾರೆ ಕಂಡಿದ್ದೇನೆ.

ಕಾಯ್ದೆ ಬರುವ ತನಕ ಕಾಯಿಲೆ ಕಾಯುತ್ತದೆಯೇ? ಜನ ತಾವೇ ಒಂದು ದಾರಿ ಮಾಡಿಕೊಂಡರು. ಹೆಂಡತಿಯ ಕಾಯಿಲೆಯನ್ನು ಗಂಡ ಬಾಯಿಪಾಠ ಮಾಡಿಕೊಂಡು ಬಂದು, ತನ್ನದೆಂದು ಹೇಳುವುದು.

ಮೊದಲ ಸಲ ನೋಡಿದಾಗ ನಾನು ತಬ್ಬಿಬ್ಬಾದೆ. ಮೀಸೆ ಹೊತ್ತ ಆಳು ಡಾಕ್ಟರೆದುರು ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, "ನಂಗೆ ಒಲೆ ಮುಂದೆ ಕೂತ್ರೆ ತಲೆ ಸುತ್ತುತ್ತದೆ ಸ್ವಾಮಿ. ಸೆರಗು ಬಾರ ಅನ್ನಿಸ್ತದೆ. ನೀರ್ ಸೇದೋವಾಗ ಸೊಂಟ ಇಡ್ಕೋತದೆ" ಅಂತ ಒಪ್ಪಿಸಿದ. ಶೇಷಗಿರಿರಾಯರ ಮುಖದಲ್ಲಿ ನಗೆಯ ಸುಳಿವಿಲ್ಲ. "ಬಾವಿಯಿಂದ ಎಷ್ಟು ದಿನದಿಂದ ಸೇದ್ತಾ ಇದ್ದೀಯಪ್ಪ?" ಅಂತ ಕೇಳಿದರು. "ಮದ್ವೆಯಾದಾಗಿಂದ ಸ್ವಾಮಿ" ಅಂದ. ಔಷಧಿ ಬರೆದುಕೊಟ್ಟರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಇವನ ಹೆಂಡತಿಗೆ ಸೊಂಟ ಇದೆ ಅಂತ ಇವನಿಗೆ ಈಗ ಗೊತ್ತಾಯ್ತು ನೋಡು, ಅದೇ ಲಾಭ" ಅಂದರು. ನನಗೂ ಆಮೇಲೆ ಹಾಗೇ ಅನ್ನಿಸತೊಡಗಿತು. ನಮ್ಮ ಸಾಲಿನಲ್ಲಿ ನಿಂತ ಗಂಡಸರು, ಯಾವ ಹೊತ್ತಿಗೆ ಹೆಂಡತಿಗೆ ಎಲ್ಲಿ ನೋಯುತ್ತದೆಂದು ಪಿಸುಗುಟ್ಟಿ ಜ್ಞಾಪಿಸಿಕೊಳ್ಳುತ್ತಾ ನಿಂತಿರುತ್ತಿದ್ದರು. ಈಗಲೂ ಕನಸಿನಲ್ಲಿ ಆ ಸಾಲು ಬರುತ್ತದೆ. ಗಂಡಸರ ಕಾಲು, ಗಂಡಸರ ಚಪ್ಪಲಿ, ಆದರೆ ಆವಿಯೊಳಗಿನಿಂದ ಹೆಂಗಸರ ದನಿ.

ಎಲ್ಲ ಹೇಳಬಹುದಾದರೂ ಒಂದನ್ನು ಮಾತ್ರ ಗಂಡಸು ತನ್ನದೆಂದು ಹೇಳಲಾರ. ಬಸುರಿ ಅಂತ ಹೇಗೆ ಹೇಳುತ್ತಾನೆ? ಅದಕ್ಕೂ ಶೇಷಗಿರಿರಾಯರು ಒಂದು ಉಪಾಯ ಮಾಡಿದ್ದರು. ತಲೆಸುತ್ತು, ವಾಂತಿ ಅಂತ ಯಾರಾದರೂ ಬಂದರೆ ಸ್ಟೆತಾಸ್ಕೋಪು ಪಕ್ಕಕ್ಕಿಟ್ಟು, "ಏನಪ್ಪಾ, ಹುಣಸೆಹಣ್ಣು ತಿನ್ನೋ ಆಸೆ ಏನಾದ್ರೂ ಆಗ್ತಾ ಇದೆಯಾ?" ಅಂತ ಕೇಳುತ್ತಿದ್ದರು. ಇಲ್ಲವಾದರೆ ಅವನು ಇಲ್ಲ ಅನ್ನುತ್ತಿದ್ದ. ಇದ್ದರೆ ಕತ್ತು ಕೆರೆದುಕೊಂಡು ನೆಲ ನೋಡಿ ನಗುತ್ತಿದ್ದ. ಅಷ್ಟು ಸಾಕು. ಡಾಕ್ಟರು ಬೇರೆ ಔಷಧಿ ಬರೆದು, ಏನು ತಿನ್ನಬೇಕು, ಏನು ಎತ್ತಬಾರದು, ಊತ ಬಂದರೆ ಯಾವ ದೊಡ್ಡಾಸ್ಪತ್ರೆಗೆ ಓಡಬೇಕು ಅಂತೆಲ್ಲ ಅವನಿಗೇ ಉಪದೇಶ ಮಾಡುತ್ತಿದ್ದರು. ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಂಭೀರವಾಗಿ ಕೇಳುತ್ತಿದ್ದ.

ಆಮೇಲೆ ಶೇಷಗಿರಿರಾಯರಿಗೆ ವರ್ಗವಾಯಿತು. ಹೋಗುವ ದಿನ ಗಾಜಿನ ಕಾರ್ಖಾನೆಯ ಕೆಲಸಗಾರರು ಹಾರ ಹಾಕಿದರು. ಅವರ ಜಾಗಕ್ಕೆ ಡಾಕ್ಟರ್ ಪ್ರಭಾಕರ ಬಂದರು. ಚಿಕ್ಕ ವಯಸ್ಸಿನವರು, ಇಸ್ತ್ರಿ ಮಾಡಿದ ಪ್ಯಾಂಟು, ಮೋಟಾರ್ ಸೈಕಲ್ಲು, ಎಲ್ಲರಿಗೂ ಬಹುವಚನ. ಕೆಟ್ಟವರಲ್ಲ. ಆದರೆ ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ರೋಗಿ ತಲೆಸುತ್ತು ಅಂದರೆ ಆ ರೋಗಿಯ ಕಣ್ಣರೆಪ್ಪೆ ಎಳೆದು ನೋಡುವವರು. ಶೇಷಗಿರಿರಾಯರು ಇಂಥದ್ದನ್ನೆಲ್ಲ ಯಾಕೆ ಮಾಡುತ್ತಿರಲಿಲ್ಲವೆಂದು ನಾನು ಹೇಳಬಹುದಿತ್ತು. ಆದರೆ ಇಂಥ ಮಾತು ಡಿಸ್ಪೆನ್ಸರಿಯಲ್ಲಿ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಆಡಿದರೆ ಆ ದಾರಿಯೂ ಮುಚ್ಚಿಹೋಗುತ್ತದೆಂಬ ಭಯ ಎಲ್ಲರಿಗೂ ಇತ್ತು.

ಅಬ್ಬಿಗೆರೆಯ ಚಿಕ್ಕಮುನಿಯಪ್ಪ ಇವರ ಕೈಗೆ ಸಿಕ್ಕಿಬಿದ್ದ. ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ, ಊರಲ್ಲಿ ಒಂದಿಷ್ಟು ರಾಗಿ ಹೊಲ, ಸೈಕಲ್ಲಿನ ಮೇಲೆ ಓಡಾಟ. ಮೈಕಟ್ಟು ಗಟ್ಟಿ, ಮಾತು ಮೆತ್ತಗೆ. "ಎದ್ರೆ ಕಣ್ ಕತ್ಲೆ ಬರ್ತದೆ ಸ್ವಾಮಿ. ನಾಕ್ ಎಜ್ಜೆ ಆಕಿದ್ರೆ ಉಸ್ರು ಕಟ್ತದೆ" ಅಂದ. ಪ್ರಭಾಕರ ಡಾಕ್ಟರು ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ರಕ್ತ ಚಿಮ್ಮುವಂತಿತ್ತು.

"ನಿಮಗೇನೂ ಇಲ್ಲ. ರಜೆ ಬೇಕೇನ್ರಿ?"

"ರಜಾ ಬ್ಯಾಡ ಸ್ವಾಮಿ. ಟಾನಿಕ್ ಕೊಡಿ."

ರಜೆ ಬೇಡವೆನ್ನುವ ಕಳ್ಳರೋಗಿಯನ್ನು ಅವರು ಕಂಡಿರಲಿಲ್ಲ. ಸ್ವಲ್ಪ ಯೋಚಿಸಿ, ಟಾನಿಕ್ ಬೇಕಾದರೆ ಜೊತೆಗೆ ರಕ್ತಹೀನತೆಗೆ ಕೊಡುವ ಲಿವರ್ ಇಂಜೆಕ್ಷನ್ನೂ ತೆಗೆದುಕೊಳ್ಳಬೇಕು ಅಂತ ಬರೆದರು. ಆ ಇಂಜೆಕ್ಷನ್ನಿನ ಹೆಸರು ಕೇಳಿದರೆ ಗಟ್ಟಿ ಆಳುಗಳೂ ಹಿಂದಿನ ಬಾಗಿಲಿಂದ ಪರಾರಿಯಾಗುತ್ತಿದ್ದರು. ಕುಂಡಿಗೆ ಚುಚ್ಚಿದರೆ ಎರಡು ದಿನ ಕೂರಲಾಗದು. ಇವನೂ ಓಡಿಹೋಗುತ್ತಾನೆಂದು ಡಾಕ್ಟರು ಎಣಿಸಿದ್ದರು. ಚಿಕ್ಕಮುನಿಯಪ್ಪ ನನ್ನ ಅಡುಗೆಮನೆಗೆ ಬಂದು ಗೋಡೆಗೆ ಮುಖ ಮಾಡಿ ನಿಂತ.

"ಬೇಡ ಅನ್ರಿ, ನಿಮಗ್ಯಾಕೆ ಇದು?" ಅಂದೆ ನಾನು, ಮೆಲ್ಲಗೆ.

"ಸೂಜಿ ಬ್ಯಾಡ ಅಂದ್ರೆ ಬಾಟ್ಲಿ ಕೊಡಾಕಿಲ್ವಂತಲ್ಲ ನರ್ಸಮ್ಮ. ಚುಚ್ಚಿ."

ಹೀಗೆ ಅವನು ವಾರಕ್ಕೆ ಎರಡು ಸಲ ಬಂದು ಚುಚ್ಚಿಸಿಕೊಂಡು, ಬಾಟಲಿ ತುಂಬಿಸಿಕೊಂಡು, ಸೈಕಲ್ಲಿನ ಸೀಟಿನ ಮೇಲೆ ಕೂರಲಾಗದೆ ಅದನ್ನು ತಳ್ಳಿಕೊಂಡೇ ಅಬ್ಬಿಗೆರೆಗೆ ನಡೆಯುತ್ತಿದ್ದ. ಸೂಜಿ ಗಂಡನಿಗೆ, ಟಾನಿಕ್ಕು ಹೆಂಡತಿಗೆ. ನನಗೆ ನಗುವೂ ಬರುತ್ತಿತ್ತು, ಕರುಳೂ ಚುರುಕ್ ಅನ್ನುತ್ತಿತ್ತು. ಒಮ್ಮೆ, "ಅವರನ್ನೇ ಒಂದ್ಸಲ ಕರ್ಕೊಂಡು ಬನ್ರಿ" ಅಂದೆ. ಅವನು ಆಶ್ಚರ್ಯದಿಂದ ನನ್ನ ಮುಖ ನೋಡಿ, "ಅವ್ಳಿಗಿನ್ನೂ ಕಾಯ್ದೆ ಬಂದಿಲ್ವಲ್ಲ ನರ್ಸಮ್ಮ" ಅಂದ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರೆ, ಊರಲ್ಲಿ ಯಾರೋ ಅಲ್ಲಿಗೆ ಹೋದವಳು ತಿರುಗಿ ಬರಲಿಲ್ಲವೆಂದು ಅವಳು ಹೆದರುತ್ತಾಳೆ ಅಂದ.

ಕೆಲವು ತಿಂಗಳ ನಂತರ ಅವನ ಬಾಯಿಪಾಠ ಬದಲಾಯಿತು. ಈಗ ತಲೆನೋವು, ಕಣ್ಣು ಮಂಜು, ಕಾಲು ಊತ. ಡಾಕ್ಟರು ಪಂಚೆ ಎತ್ತಿಸಿ ಕಾಲು ನೋಡಿದರು. ಒಣಗಿದ ಸೌದೆಯಂಥ ಕಾಲು. ಅವರಿಗೆ ಅವತ್ತು ನಿಜವಾಗಿ ಸಿಟ್ಟು ಬಂತು. "ಇನ್ನೊಂದ್ಸಲ ಹೀಗೆ ಸುಳ್ಳು ಹೇಳ್ಕೊಂಡು ಬಂದ್ರೆ ಕಾರ್ಖಾನೆಗೆ ಬರೀತೀನಿ. ನಿಜವಾದ ರೋಗಿಗಳು ಹೊರಗೆ ನಿಂತಿದ್ದಾರೆ" ಅಂದರು. ಚಿಕ್ಕಮುನಿಯಪ್ಪ ಖಾಲಿ ಬಾಟಲಿ ಎತ್ತಿಕೊಂಡು ಎದ್ದ. ನಾನು ಬಾಗಿಲಲ್ಲಿ ನಿಂತಿದ್ದೆ.

ನಾನಾಗ ಮದುವೆಯಾಗದ ಹುಡುಗಿ. ಶೇಷಗಿರಿರಾಯರ ಆ ಪ್ರಶ್ನೆ ಗಂಡಸರನ್ನು ನಾನು ಕೇಳುವಂಥದ್ದಲ್ಲ. ಆದರೂ ಅಂಗಳದಲ್ಲಿ ಅವನ ಸೈಕಲ್ಲಿಗೆ ಅಡ್ಡ ನಿಂತು ಕೇಳಿದೆ. "ಚಿಕ್ಕಮುನಿಯಪ್ಪನೋರೇ, ಹುಣಸೆಹಣ್ಣು ತಿನ್ನೋ ಆಸೆ ಆಗಿತ್ತಾ?"

ಅವನು ನೆಲ ನೋಡಿದ. ನಗಲಿಲ್ಲ. "ಎಂಟು ತಿಂಗ್ಳು ನರ್ಸಮ್ಮ" ಅಂದ. ಆಮೇಲೆ ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡ. ಹೊಸ ಡಾಕ್ಟರು ಯಾವಾಗ ಕೇಳುತ್ತಾರೋ ಅಂತ ಅವನು ಅಷ್ಟು ದಿನವೂ ಕಾದಿದ್ದನಂತೆ. ಅವರಾಗಿ ಕೇಳದಿದ್ದರೆ ತಾನಾಗಿ ಹೇಗೆ ಹೇಳುವುದು? ಕೇಳದೆ ಹೇಳಿದರೆ ಹೆಸರು ಹೊಡೆದುಹಾಕುತ್ತಾರೆಂದು ಕಾರ್ಖಾನೆಯಲ್ಲಿ ಯಾರೋ ಹೆದರಿಸಿದ್ದರು.

ಬಸುರಿಗೆ ತಲೆನೋವು, ಕಣ್ಣು ಮಂಜು, ಕಾಲು ಊತ. ಇದರ ಅರ್ಥ ನನಗೆ ಗೊತ್ತಿತ್ತು, ರಕ್ತದೊತ್ತಡ ಏರಿ ತಾಯಿ ಮಗು ಎರಡೂ ಜೀವಕ್ಕೆ ಅಪಾಯ. ನಾನು ನೇರ ಒಳಗೆ ಹೋಗಿ, ರೋಗಿ ಕೂತಿದ್ದರೂ ಲೆಕ್ಕಿಸದೆ, "ಡಾಕ್ಟ್ರೇ, ಕಾಯಿಲೆ ಆ ಮನುಷ್ಯಂದಲ್ಲ, ಅವನ ಹೆಂಡತಿದು. ಎಂಟು ತಿಂಗಳ ಬಸುರಿ" ಅಂದೆ. ಅವರು ಪೆನ್ನು ಕೆಳಗಿಟ್ಟರು.

"ಇಷ್ಟು ದಿನ ಇವರು..."

"ಇವನೊಬ್ಬನೇ ಅಲ್ಲ ಸಾರ್. ಹೊರಗೆ ನಿಂತಿರೋರಲ್ಲಿ ಅರ್ಧ ಜನ."

"ಹೆಂಡತೀನ ನೋಡೋಕೆ ನನಗೆ ಕಾನೂನಿಲ್ಲ ಸಿಸ್ಟರ್. ಗೊತ್ತಲ್ವಾ?"

"ಗೊತ್ತು. ಕಾನೂನು ಬರೋ ತನಕ ಅವಳು ಇರ್ಬೇಕಲ್ಲ" ಅಂದುಬಿಟ್ಟೆ. ಮೇಲಿನವರ ಹತ್ತಿರ ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ನನ್ನನ್ನು ದಿಟ್ಟಿಸಿ ನೋಡಿದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಎದ್ದು ರಕ್ತದೊತ್ತಡ ನೋಡುವ ಮರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಅಬ್ಬಿಗೆರೆ ಯಾವ ಕಡೆ?" ಅಂದರು.

ಅವರು ಮೋಟಾರ್ ಸೈಕಲ್ಲಿನಲ್ಲಿ ಮುಂದೆ ಹೋದರು, ನಾನೂ ಚಿಕ್ಕಮುನಿಯಪ್ಪನೂ ಜಟಕಾದಲ್ಲಿ ಹಿಂದೆ. ಜಾಲಹಳ್ಳಿ ದಾಟಿದ ಮೇಲೆ ರಸ್ತೆಯ ಎರಡು ಕಡೆಯೂ ರಾಗಿ ತೆನೆ ಬಾಗಿ ನಿಂತಿತ್ತು. ಇಳಿಹೊತ್ತಿನ ಬಿಸಿಲು ಅದರ ಮೇಲೆ ಹೊಂಬಣ್ಣವಾಗಿ ಹರಡಿತ್ತು, ಕೆರೆಯ ಮೇಲೆ ಬೆಳ್ಳಕ್ಕಿಗಳು ಹಾರುತ್ತಿದ್ದವು. ಅಷ್ಟು ಚೆಂದದ ಸಂಜೆಯಲ್ಲಿ ಕೆಟ್ಟದ್ದು ಏನೂ ಆಗಲಾರದೆಂದು ನನಗೆ ಅನ್ನಿಸಿತು. ಕುದುರೆ ತೂಕಡಿಸುವಂತೆ ನಡೆಯುತ್ತಿತ್ತು. ಚಿಕ್ಕಮುನಿಯಪ್ಪ ಮಾತ್ರ ಸೀಟಿನ ಅಂಚು ಹಿಡಿದು ಕೂತಿದ್ದ.

ಅವನ ಹೆಂಡತಿ ಅಕ್ಕಯ್ಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಗೋಡೆಗೆ ಒರಗಿದ್ದಳು. ಚಿಕ್ಕ ವಯಸ್ಸು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು, ಪಾದ ಉಬ್ಬಿ ಕಾಲುಂಗುರ ಬೆರಳಲ್ಲಿ ಹೂತುಹೋಗಿತ್ತು. ಎಷ್ಟೋ ತಿಂಗಳಿಂದ ಈ ಹೆಂಗಸಿನ ಕಾಯಿಲೆ ನನಗೆ ಗೊತ್ತಿತ್ತು, ಅವಳನ್ನು ಅವತ್ತೇ ಕಂಡದ್ದು. ಡಾಕ್ಟರು ಜಗಲಿಯ ಅಂಚಿನಲ್ಲಿ ಕೂತು, "ಏನಾಗ್ತಾ ಇದೆ ಅಮ್ಮ?" ಅಂತ ಕೇಳಿದರು.

ಅವಳು ಗಂಡನ ಮುಖ ನೋಡಿದಳು. ಗಂಡ ತಕ್ಷಣ ಕೈಕಟ್ಟಿ ನಿಂತು, "ನಂಗೆ ತಲೆನೋವು ಸ್ವಾಮಿ. ನಂಗೆ ಕಣ್ ಮಂಜಾಯ್ತದೆ..." ಅಂತ ಶುರುಮಾಡಿದ. ಎದುರಿಗೇ ಹೆಂಡತಿ ಇದ್ದಾಳೆಂಬುದು ಅವನಿಗೆ ಮರೆತೇಹೋಗಿತ್ತು. ಡಾಕ್ಟರು ಸಿಟ್ಟಾಗಲಿಲ್ಲ. "ನೀವು ಸ್ವಲ್ಪ ಸುಮ್ನಿರಿ. ಅವರು ಹೇಳ್ಲಿ" ಅಂದರು.

ಹಟ್ಟಿಯಲ್ಲಿ ಒಂದು ಕರು ಕೂಗಿತು. ಅಕ್ಕಯ್ಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ನೆನ್ನೆಯಿಂದ ಮಗ ಮಿಸುಕ್ತಾ ಇಲ್ಲ ಸ್ವಾಮಿ" ಅಂದಳು.

ಚಿಕ್ಕಮುನಿಯಪ್ಪ ಬೆಪ್ಪಾಗಿ ನೋಡಿದ. "ನಂಗ್ಯಾಕಮ್ಮಿ ಏಳ್ಲಿಲ್ಲ?"

"ನಿಂಗ್ ಏಳಿದ್ರೆ, ನೀನ್ ಅಲ್ಲೋಗಿ ಎಂಗೇಳ್ತಿದ್ದೆ?" ಅಂದಳು ಅವಳು.

ಪೆಟ್ಟಿಗೆಯ ಪಾದರಸ ಏರಿದ್ದು ನೋಡಿ ಡಾಕ್ಟರ ಮುಖ ಇಳಿಯಿತು. ಮೋಟಾರ್ ಸೈಕಲ್ಲು ಹತ್ತಿ ಕಾರ್ಖಾನೆಗೆ ಹೋಗಿ, ಯಾರನ್ನು ಹೇಗೆ ಒಪ್ಪಿಸಿದರೋ, ಗಾಜಿನ ಸಾಮಾನು ಸಾಗಿಸುವ ಲಾರಿ ತಂದರು. ಸಾಮಾನು ಒಡೆಯದಿರಲೆಂದು ಅದರಲ್ಲಿ ತುಂಬಿದ್ದ ಒಣಹುಲ್ಲಿನ ಮೇಲೆಯೇ ಅಕ್ಕಯ್ಯಮ್ಮನನ್ನು ಮಲಗಿಸಿದೆವು. ಪಟ್ಟಣದ ದೊಡ್ಡಾಸ್ಪತ್ರೆ ತಲುಪುವ ತನಕ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಹೆದರಿದ್ದಳು, ಆದರೆ ಮಾತಾಡುತ್ತಲೇ ಇದ್ದಳು. ಎಲ್ಲಿ ನೋಯುತ್ತದೆ, ಯಾವಾಗಿನಿಂದ, ಮೊದಲ ಸಲ ತಲೆ ಸುತ್ತಿದ್ದು ಎಲ್ಲಿ, ಯಾವ ಔಷಧಿ ಕಹಿ, ಯಾವುದು ಸಿಹಿ. ಮದುವೆಯಾದಂದಿನಿಂದ ಒಳಗೇ ಇದ್ದದ್ದೆಲ್ಲ ಆ ಲಾರಿಯಲ್ಲಿ ಹೊರಗೆ ಬಂತು.

ತಾಯಿ ಉಳಿದಳು. ಮಗು ಉಳಿಯಲಿಲ್ಲ. ಗಂಡು. ಚಿಕ್ಕಮುನಿಯಪ್ಪ ಅದನ್ನು ತನ್ನ ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದ. ಪ್ರಭಾಕರ ಡಾಕ್ಟರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. "ಹೋದ ತಿಂಗಳು ಈ ಹೆಂಗಸು ನನ್ನೆದುರು ಕೂತಿದ್ರೆ ಎರಡೂ ಜೀವ ಉಳೀತಿತ್ತು ಸಿಸ್ಟರ್" ಅಂದರು. ನನಗೆ ಅವರ ಮೇಲೆ ಕೋಪವಿರಲಿಲ್ಲ, ಅಳು ಬಂತು. ಇಬ್ಬರೂ ಅಲ್ಲೇ ಕೂತು ಅತ್ತೆವು. ಡಾಕ್ಟರು ನರ್ಸು ಅಳಬಾರದೆಂದು ನಿಮಗೆ ಈಗ ಕಲಿಸುತ್ತಾರಂತೆ, ಕಲಿಸಲಿ.

ಅದಾದ ಮೇಲೆ ಅವರು ಬದಲಾದರು. ರೆಪ್ಪೆ ಎಳೆದು ನೋಡುವುದು ನಿಂತಿತು. ಹುಣಸೆಹಣ್ಣಿನ ಪ್ರಶ್ನೆಯನ್ನು ನನ್ನಿಂದ ಕೇಳಿ ಕಲಿತು, ಮೊದಮೊದಲು ಕಿವಿಯೆಲ್ಲ ಕೆಂಪಾಗಿ ಕೇಳುತ್ತಿದ್ದರು. ಕೆಲಸ ಮುಗಿಸಿ ಸಂಜೆ ಹಳ್ಳಿಗಳಿಗೆ ಹೋಗಿ ಬರುವುದೂ ಶುರುವಾಯಿತು. ಒಂದು ದಿನ ಅಬ್ಬಿಗೆರೆ ಪಕ್ಕದ ಸಿಂಗಾಪುರ, ಒಂದು ದಿನ ಹೆಬ್ಬಾಳದ ದ್ರಾಕ್ಷಿ ತೋಟಗಳ ಆಚೆ. ಕೆಲವು ಸಲ ನಾನೂ ಹೋಗುತ್ತಿದ್ದೆ.

ಅದೇ ಸುಮಾರಿಗೆ ದೆಹಲಿಯಿಂದ ಒಂದು ಸಮಿತಿ ಬಂತು. ಮನೆಯವರಿಗೂ ಕಾನೂನನ್ನು ವಿಸ್ತರಿಸಬೇಕೇ ಬೇಡವೇ ಅಂತ ಅಲ್ಲಲ್ಲಿ ಕೇಳಿಕೊಂಡು ಹೋಗುವ ಸಮಿತಿ. ಕೋಟು ಹಾಕಿದ ಮೂರು ಜನ, ಜೊತೆಗೆ ಮಾಲೀಕರ ಪರವಾಗಿ ಒಬ್ಬರು. ನಾನು ಬಿಸ್ಕತ್ತು ಜೋಡಿಸಿದೆ, ಕಾಂಪೌಂಡರು ಟೀ ಮಾಡಿದರು. ಮಾಲೀಕರ ಕಡೆಯವರು, ಹೆಂಗಸರು ಮಕ್ಕಳಿಗೆಲ್ಲ ಕೊಟ್ಟರೆ ಡಿಸ್ಪೆನ್ಸರಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಮೇಲಾಗಿ ಹಳ್ಳಿಯ ಹೆಂಗಸರು ಪರಗಂಡಸಾದ ಡಾಕ್ಟರ ಬಳಿ ಬರುವುದೇ ಇಲ್ಲ ಅಂದರು. ಜಾಗ ಸಾಲುವುದಿಲ್ಲ ಅನ್ನುವುದೂ ಬರುವುದೇ ಇಲ್ಲ ಅನ್ನುವುದೂ ಒಂದೇ ಉಸಿರಿನಲ್ಲಿ! ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ.

ಸಮಿತಿಯ ಹಿರಿಯರು ಪ್ರಭಾಕರ ಡಾಕ್ಟರನ್ನು ಕೇಳಿದರು, ಏನು ನಿಮ್ಮ ಅಭಿಪ್ರಾಯ, ಹೆಂಗಸರು ಬರುತ್ತಾರೆಯೇ?

"ಅವರು ಈಗಾಗ್ಲೇ ಬರ್ತಾ ಇದ್ದಾರೆ ಸಾರ್" ಅಂದರು ನಮ್ಮ ಡಾಕ್ಟರು. "ಮೈ ಮಾತ್ರ ಮನೇಲಿ ಬಿಟ್ಟು ಬರ್ತಾರೆ."

ಆಮೇಲೆ ಎಲ್ಲ ಹೇಳಿದರು. ಗಂಡಂದಿರ ಬಾಯಿಪಾಠ, ಚಿಕ್ಕಮುನಿಯಪ್ಪನ ಸೂಜಿ, ಒಣಹುಲ್ಲಿನ ಲಾರಿ. ತಾನು ಗೊತ್ತಿದ್ದೂ ಔಷಧಿ ಕೊಡುತ್ತಿದ್ದೇನೆ ಅಂತಲೂ ಹೇಳಿದರು. ಕಾನೂನಿನ ಪ್ರಕಾರ ಅದು ಕೆಲಸ ಕಳೆದುಕೊಳ್ಳುವಂಥ ಮಾತು. ಹಿರಿಯರು ಬಹಳ ಹೊತ್ತು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದೇ ಇದ್ದರು. ಅದು ನೆನೆದು ಮುರಿದು ಒಳಗೆ ಬಿತ್ತು. "ಈ ಮಾತನ್ನ ನಾನು ಬೇರೆ ಕಡೆನೂ ಹೇಳ್ಬಹುದಾ?" ಅಂತ ಕೇಳಿದರು. ಹೇಳಿ ಸಾರ್ ಅಂದರು ಡಾಕ್ಟರು. ಅವರ ಕೆಲಸಕ್ಕೇನೂ ಆಗಲಿಲ್ಲ.

ಕಾಯ್ದೆ ಬರಲು ಇನ್ನೂ ಕೆಲವು ಯುಗಾದಿ ಕಳೆದವು. ಬಂದಾಗ ರೈಲಿನಲ್ಲಿ ಬರಲಿಲ್ಲ. ಒಬ್ಬ ಪ್ಯೂನು ಸೈಕಲ್ಲಿನಲ್ಲಿ ತಂದು ನಮ್ಮ ಗೋಡೆಗೆ ಅಂಟಿಸಿ ಹೋದ.

ಮೊದಲ ದಿನ ನಾನು ಬೆಳಿಗ್ಗೆ ಬೇಗ ಬಂದೆ. ಚಳಿಗಾಲ, ಮಂಜು. ರೈಲು ನಿಂತಿತ್ತು. ಆವಿ ಅಂಗಳ ತುಂಬಿತ್ತು. ಅದರೊಳಗಿನಿಂದ ಬಳೆಯ ಸದ್ದು ಬಂತು. ನಿಧಾನವಾಗಿ ಸೀರೆಯ ಅಂಚುಗಳು ಮೂಡಿದವು. ಮದುವೆಯ ಸೀರೆಗಳು, ಮುಡಿ ತುಂಬ ಹೂವು, ಎಣ್ಣೆ ಹಚ್ಚಿ ಬಾಚಿದ ತಲೆಗಳು. ಕಾಯಿಲೆಗೆ ಇಷ್ಟು ಸಿಂಗರಿಸಿಕೊಂಡು ಬಂದ ಜನರನ್ನು ನಾನು ಆಮೇಲೆಲ್ಲೂ ಕಂಡಿಲ್ಲ. ಕನಸೋ ನನಸೋ ತಿಳಿಯದೆ ಸೂಜಿ ಹಿಡಿದು ನಿಂತುಬಿಟ್ಟೆ.

ಆದರೆ ಡಾಕ್ಟರ ಎದುರಿಗೆ ಬಂದಾಗ ಯಾರೂ ಬಾಯಿ ಬಿಡಲಿಲ್ಲ. ಹೆಂಡತಿ ಸ್ಟೂಲಿನ ಮೇಲೆ ಕೂರುವುದು, ಹಿಂದೆ ನಿಂತ ಗಂಡ ಅಭ್ಯಾಸಬಲದಿಂದ "ನಂಗೆ..." ಅನ್ನುವುದು, ಡಾಕ್ಟರು "ನೀವಲ್ರೀ" ಅನ್ನುವುದು. ಹೀಗೇ ನಡೆಯಿತು.

ಆಗ ಅಕ್ಕಯ್ಯಮ್ಮ ಒಳಗೆ ಬಂದಳು. ಹಿಂದೆಯೇ ಚಿಕ್ಕಮುನಿಯಪ್ಪ. ಡಾಕ್ಟರು ಅವಳನ್ನು ಗುರುತಿಸಿ ಅರ್ಧ ಎದ್ದರು. ಚಿಕ್ಕಮುನಿಯಪ್ಪ ಕೈಕಟ್ಟಿ ಬಾಯಿ ತೆರೆದ.

"ನೀನ್ ಒರ್ಗಡೆ ಇರು" ಅಂದಳು ಅವಳು, ತಿರುಗಿ ನೋಡದೆ. ಅವನು ಸುಮ್ಮನೆ ಹೊರಗೆ ಹೋದ.

ಅವಳು ಸ್ಟೂಲನ್ನು ಡಾಕ್ಟರ ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ದನಿ ತಗ್ಗಿಸಲಿಲ್ಲ. "ನಾನ್ ಬಸ್ರಿ ಸ್ವಾಮಿ. ಮೂರು ತಿಂಗ್ಳು. ಮೈಗೇನೂ ಇಲ್ಲ. ನಮ್ಮೋರ್ಗೂ ಇನ್ನೂ ಏಳಿಲ್ಲ. ಮೊದ್ಲು ನಾನೇ ಬಂದು ಇಲ್ಲಿ ಏಳಾನ ಅಂತ."

ಡಾಕ್ಟರು ಸ್ಟೆತಾಸ್ಕೋಪು ಎತ್ತಿಕೊಂಡರು. ನಾನು ಬಾಗಿಲಿನ ಪರದೆ ಎಳೆದು ಹೊರಗೆ ಬಂದೆ, ಕಣ್ಣು ತುಂಬಿತ್ತು. ಚಿಕ್ಕಮುನಿಯಪ್ಪ ಸೈಕಲ್ಲು ಹಿಡಿದು ಕಾಯುತ್ತಿದ್ದ.

"ಏನಂತೆ ನರ್ಸಮ್ಮ ಅವ್ಳಿಗೆ?" ಅಂದ, ಗಾಬರಿಯಿಂದ. "ಏನೇಳಿದ್ಲು?"

"ನನಗೇನ್ ಗೊತ್ತು?" ಅಂದೆ. "ಬಂದ್ಮೇಲೆ ಅವರನ್ನೇ ಕೇಳಿ."